ನಾಗಲಿಂಗಪ್ಪನ ಪಾರ್ಟಿ ಎಷ್ಟು ಜನ?

ಸಹಕಾರನಗರದ ನಾಗಲಿಂಗಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಮೊಣಕಾಲು ನೋವೂ ಇಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ಓರಗೆಯವರೆಲ್ಲ ತಮ್ಮ ತಮ್ಮ ಮಾತ್ರೆಗಳ ಹೆಸರು ಹೇಳಿಕೊಳ್ಳುವಾಗ ಪಾಪ, ಅವನೊಬ್ಬನೇ ಸುಮ್ಮನೆ ಕೂರಬೇಕು. ಆದರೆ ಯಾವ ಡಾಕ್ಟರಿಗೂ ತಿಳಿಯದ ಒಂದು ಕಾಯಿಲೆ ಅವನಿಗಿದೆ. ಊಟದ ಹೊತ್ತಿನಲ್ಲಿ ಗುರುತಿನ ಮುಖ ಕಂಡರೆ ಸಾಕು, "ಬರ್ರಿ, ಊಟ ಮಾಡೂಣು" ಎಂಬ ಮಾತು ಅವನ ಬಾಯಿಂದ ತಾನೇ ತಾನಾಗಿ ಜಾರಿಬಿಡುತ್ತದೆ. ತುಟಿ ಕಚ್ಚಿ ತಡೆದುಕೊಂಡರೆ ಕೈ ಮುಂದಾಗಿ ಕರೆದುಬಿಡುತ್ತದೆ.

ಅವನ ಊರು ರೋಣದ ಕಡೆ. ಅಲ್ಲಿ ಈ ಕಾಯಿಲೆ ಎಲ್ಲರಿಗೂ ಇದೆ, ಮದ್ದೂ ಎಲ್ಲರ ಬಳಿ ಇದೆ. ಇವನು "ಬರ್ರಿ" ಅನ್ನಬೇಕು, ಅವನು "ಬ್ಯಾಡ್ರಿ, ಈಗ ಆತು" ಅನ್ನಬೇಕು. ಇವನು "ಛೇ, ಹಂಗಂದ್ರ ಹೆಂಗ್ರಿ" ಎಂದು ಕೈ ಹಿಡಿಯಬೇಕು, ಅವನು ಹೊಟ್ಟೆ ಸವರಿಕೊಂಡು "ಇನ್ನೊಮ್ಮೆ ಬರ್ತೀನ್ರಿ" ಎಂದು ಕೈ ಬಿಡಿಸಿಕೊಳ್ಳಬೇಕು. ಮೂರು ಸಲ ಎಳೆದಾಟ ನಡೆದು, ಇಬ್ಬರ ಮರ್ಯಾದೆಯೂ ಉಳಿದು, ಕೊನೆಗೆ ಅವರವರ ಮನೆಯಲ್ಲಿ ಅವರವರು ಉಣ್ಣುತ್ತಾರೆ. ನಿಜವಾಗಿ ಹಸಿದವನಿದ್ದರೆ ನಾಲ್ಕನೆಯ ಸಲಕ್ಕೆ ಬಂದು ಕೂರುತ್ತಾನೆ. ಇದಕ್ಕಿಂತ ಸರಳವಾದ ಏರ್ಪಾಡು ಇನ್ನೇನು ಬೇಕು? ಆದರೆ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ನಾಗಲಿಂಗಪ್ಪನಿಗೆ ಜೀರ್ಣವಾಗದ ಸಂಗತಿಯೊಂದಿದೆ. ಇಲ್ಲಿಯವರು ಮೊದಲನೆಯ ಸಲಕ್ಕೇ ಬಂದುಬಿಡುತ್ತಾರೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನನ್ನು ಹೀಗೇ ಬಾಯಿಮಾತಿಗೆ ಕರೆದದ್ದಕ್ಕೆ, ಅವನು ನೆಟ್ಟಗೆ ಹೋಗಿ ಕೈತೊಳೆದು ಬಂದು, ಪದ್ಮಶ್ರೀಯ ಪಾಲಿನ ರೊಟ್ಟಿಯನ್ನೂ ಸೇರಿಸಿ ಉಂಡು, "ಎಣ್ಣೆಗಾಯಿ ಸೂಪರ್ ಅಕ್ಕಾ" ಎಂದು ಹೇಳಿ ಹೋದ. ಪದ್ಮಶ್ರೀ ಅಂದು ಮಧ್ಯಾಹ್ನ ಚುರುಮುರಿ ತಿಂದು ಮಲಗಿದಳು. ಪದ್ಮಶ್ರೀ ಅಂದರೆ ನಾಗಲಿಂಗಪ್ಪನ ಹೆಂಡತಿ, ಈ ಕಾಯಿಲೆಯ ಖರ್ಚನ್ನೆಲ್ಲ ಹೊಟ್ಟೆಯಲ್ಲಿ ಹಾಕಿಕೊಂಡವಳು.

ಅವಳು ಗಂಡನ ಹತ್ತಿರ ಸೀರೆ ಕೇಳಿದವಳಲ್ಲ, ಬಂಗಾರ ಕೇಳಿದವಳಲ್ಲ. ಈ ಸಲ ಮಾತ್ರ ಒಂದು ಕಡುಬು ಕೇಳಿದ್ದಳು. ಕಡುಬು ಮಾಡುವುದರಲ್ಲಿ ಅವಳಿಗೆ ಇಡೀ ಬೀದಿಯಲ್ಲಿ ಎದುರಿಲ್ಲ. ಅಂಥವಳಿಗೆ ಒಂದು ದಿನ ಫೋನಿನಲ್ಲಿ ಚೀನೀ ಕಡುಬು ಕಂಡುಬಿಟ್ಟಿತು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬೆಂದದ್ದು, ತಲೆಯ ಮೇಲೆ ನೆರಿಗೆ ನೆರಿಗೆಯಾಗಿ ಮುಚ್ಚಿದ್ದು, ಕಚ್ಚಿದರೆ ಒಳಗಿಂದ ಬಿಸಿ ಸಾರು ಸುರಿಯುತ್ತದೆ. ಹೂರಣ ತುಂಬುವುದು ಸರಿ, ಸಾರು ತುಂಬುವುದು ಹೇಗೆ? ಎರಡು ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಕಣಕ ನಾದಿ, ನಡುವೆ ಸಾರು ಸುರಿದು, ಹೇಗೋ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ಇಟ್ಟಳು. ಮುಚ್ಚಳ ತೆಗೆದು ನೋಡಿದರೆ ತಟ್ಟೆಯಲ್ಲಿ ಹಿಟ್ಟು, ತಳದ ನೀರಿನಲ್ಲಿ ಸಾರು. ನಾಗಲಿಂಗಪ್ಪ ಆಗ ಸುಮ್ಮನಿರಬೇಕಿತ್ತು. ಅವನು ನಕ್ಕ. ನಕ್ಕದ್ದಲ್ಲದೆ, "ಇರ್ಲಿ ಬಿಡ, ತಳದಾಗಿಂದು ಅನ್ನಕ್ಕ ಹಾಕು" ಎಂದೂ ಹೇಳಿದ.

ಆ ಕಡುಬು ಸಿಗುವ ಚೀನೀ ಹೋಟೆಲು ಸಹಕಾರನಗರದ ದೊಡ್ಡ ರಸ್ತೆಯಲ್ಲೇ ಇತ್ತು. ಸ್ಟೀಮ್ ಬಾಸ್ಕೆಟ್ ಅಂತ ಹೆಸರು. ಸಸ್ಯಾಹಾರಕ್ಕೆ ಬೇರೆಯೇ ಅಡಿಗೆಮನೆ ಇದೆ, ಅಣಬೆಯ ಸಾರು ತುಂಬಿ ಕೊಡುತ್ತಾರೆ ಎಂದು ಪದ್ಮಶ್ರೀ ಫೋನು ಮಾಡಿ ಖಾತ್ರಿ ಮಾಡಿಕೊಂಡಿದ್ದಳು. ಮೊದಲನೆಯ ಭಾನುವಾರ ಹೋದಾಗ ನಾಗಲಿಂಗಪ್ಪ ಬಾಗಿಲಲ್ಲಿದ್ದ ಜನ ನೋಡಿಯೇ ಸ್ಕೂಟರ್ ತಿರುಗಿಸಿಬಿಟ್ಟ. ಎರಡನೆಯ ಭಾನುವಾರ ಹೆಸರು ಬರೆಸಿದ ಮೇಲೆ ಪಕ್ಕದ ದರ್ಶಿನಿಯಲ್ಲಿ ಯಾರಿಗೋ ಚಹಾ ಕುಡಿಸಲು ಹೋದ. ಬರುವಷ್ಟರಲ್ಲಿ ಹೆಸರು ಕೂಗಿ ಮುಗಿದಿತ್ತು. ಮೂರನೆಯ ಭಾನುವಾರ ಬೆಳಿಗ್ಗೆ ಪದ್ಮಶ್ರೀ ಒಲೆಯ ಮುಂದೆ ನಿಂತು ತೀರ್ಪು ಕೊಟ್ಟಳು.

"ಇವತ್ತ ಆ ಕಡಬು ನನ್ನ ಬಾಯಾಗ ಬೀಳಲಿಲ್ಲಂದ್ರ, ಈ ಮನ್ಯಾಗ ಕಡಬು ಬಂದ್. ಪಂಚಮಿಗೂ ಇಲ್ಲ, ಗಣಪತಿಗೂ ಇಲ್ಲ. ಗಣಪ್ಪ ಕೇಳಿದ್ರ ನಿಮ್ಮ ಹೆಸರು ಹೇಳ್ತೀನಿ."

ಗಣಪತಿಗೆ ನೂರು ಮನೆಯಿದೆ, ಎಲ್ಲಾದರೂ ಉಂಡಾನು. ನಾಗಲಿಂಗಪ್ಪನಿಗೆ ಇರುವುದು ಒಂದೇ ಮನೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹನ್ನೆರಡು ಗಂಟೆಗೇ ಹೊರಟ.

ಹೋಟೆಲಿನ ಮುಂದೆ ಕೆಂಪು ಕಾಗದದ ಬುಟ್ಟಿದೀಪಗಳು ತೂಗುತ್ತಿದ್ದವು, ಅವುಗಳ ಕೆಳಗೆ ಫುಟ್‌ಪಾತಿನ ತುಂಬ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಆಗಲೇ ಕುರ್ಚಿ ತುಂಬಿ, ಉಳಿದವರು ಬೈಕುಗಳ ಮೇಲೆ ಕೂತಿದ್ದರು. ಒಬ್ಬ ತಾಯಿ ಕಾಯುವ ಹೊತ್ತು ವ್ಯರ್ಥವಾಗಬಾರದೆಂದು ಮಗನಿಗೆ ಹದಿಮೂರರ ಮಗ್ಗಿ ಹೇಳಿಸುತ್ತಿದ್ದಳು. ಇನ್ನೊಬ್ಬಾಕೆ ಮಡಿಲಲ್ಲಿ ಚೀಲವಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಇವರೆಲ್ಲರ ನಡುವೆ, ಮನೆಗೆ ಪಾರ್ಸೆಲ್ ಮುಟ್ಟಿಸುವ ಹುಡುಗರು ಯಾರನ್ನೂ ಕೇಳದೆ ಒಳಗೆ ನುಗ್ಗಿ, ಬಿಸಿಬಿಸಿ ಕಡುಬಿನ ವಾಸನೆಯನ್ನು ಕಾಯುವವರ ಮೂಗಿನ ಮೇಲೇ ಹಾಯಿಸಿಕೊಂಡು ಹೊರಗೆ ಹೋಗುತ್ತಿದ್ದರು. ಮನೆಯಲ್ಲಿ ಕಾಲು ಚಾಚಿ ಕೂತವರಿಗೆ ಮೊದಲ ಪಂಕ್ತಿ, ಬಾಗಿಲಿಗೆ ಬಂದು ನಿಂತವರಿಗೆ ಮಗ್ಗಿ.

ಬಾಗಿಲಲ್ಲಿ ಟ್ಯಾಬ್ ಹಿಡಿದ ಹುಡುಗಿ ನಿಂತಿದ್ದಳು. ಎದೆಯ ಮೇಲೆ ಪ್ರತಿಭಾ ಎಂದು ಹೆಸರಿನ ಪಟ್ಟಿ ಇತ್ತು.

"ನಾಗಲಿಂಗಪ್ಪ. ಇಬ್ಬರ," ಅಂದ ನಾಗಲಿಂಗಪ್ಪ.

"ಇಬ್ರು ತಾನೆ ಸರ್? ಆಮೇಲೆ ಜಾಸ್ತಿ ಆಗಲ್ಲ ಅಲ್ವಾ?" ಎಂದು ಕೇಳಿದಳು ಪ್ರತಿಭಾ. "ಯಾಕಂದ್ರೆ ಜನ ಚೇಂಜ್ ಆದ್ರೆ ಹೊಸ ಎಂಟ್ರಿ ಮಾಡ್ಬೇಕು, ಹೆಸ್ರು ಕೊನೇಗೆ ಹೋಗ್ಬಿಡುತ್ತೆ. ಕರೆದಾಗ ಎಲ್ಲರೂ ಇಲ್ಲೇ ಇರ್ಬೇಕು. ಒಬ್ರು ಕಮ್ಮಿ ಇದ್ರೂ ಟೇಬಲ್ ಮುಂದಿನೋರಿಗೆ ಹೋಗುತ್ತೆ."

"ನಾವ್ ಇರೂದ ಇಬ್ಬರವ್ವ," ಅಂದ ನಾಗಲಿಂಗಪ್ಪ ಧೈರ್ಯವಾಗಿ. ಅವನ ಪಕ್ಕದಲ್ಲಿ ಪದ್ಮಶ್ರೀ ಗಂಡನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

ಒಂದು ಗಂಟೆಯ ಹೊತ್ತಿಗೆ ಇಬ್ಬರಿಗೂ ಕುರ್ಚಿ ಸಿಕ್ಕಿತು. ಇನ್ನೊಂದಷ್ಟು ಹೊತ್ತಿಗೆ ಮುಂದಿದ್ದವರು ಕರಗುತ್ತ ಬಂದರು. ಪ್ರತಿಭಾ ಇವರ ಕಡೆ ನೋಡಿ "ನೆಕ್ಸ್ಟ್ ನಿಮ್ದೇ ಸರ್" ಎಂದು ನಕ್ಕಳು. ಪದ್ಮಶ್ರೀ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅದೇ ಹೊತ್ತಿಗೆ ಟಿ.ವಿ.ಎಸ್. ಗಾಡಿಯೊಂದು ಬಂದು ಅವರ ಮುಂದೆ ನಿಂತಿತು.

ಗಾಡಿಯ ಮೇಲೆ ಇದ್ದವನು ಕದಿರಪ್ಪ. ಕೊಡಿಗೇಹಳ್ಳಿಯ ಹಳೆಯ ಮನೆತನದವನು, ನಾಗಲಿಂಗಪ್ಪನಿಗೆ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಜೊತೆ. ಅವನು ಸಾಲು ಕುರ್ಚಿಗಳನ್ನು, ತಲೆ ತಗ್ಗಿಸಿ ಕೂತ ಜನರನ್ನು ನೋಡಿ ಗಾಬರಿಯಾಗಿ ಟವೆಲ್ ಹೆಗಲಿನಿಂದ ಕೆಳಗಿಳಿಸಿದ.

"ಏನ್ ಸಾಮಿ, ಯಾರ್ ಓಗ್ಬಿಟ್ರು?"

"ಯಾರೂ ಹೋಗಿಲ್ರಿ ಕದಿರಪ್ಪನವರ, ಊಟಕ್ಕ ಬಂದೀವಿ," ಅಂದ ನಾಗಲಿಂಗಪ್ಪ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಪದ್ಮಶ್ರೀ ಗಂಡನ ತೋಳು ಚಿವುಟಲು ಕೈ ಚಾಚಿದ್ದಳು ಕೂಡ. ಆದರೆ ಅವಳ ಬೆರಳು ಮುಟ್ಟುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು. "ಬರ್ರಿ, ಊಟ ಮಾಡೂಣು."

"ಅಂಗಂತೀರಾ? ಸರಿ ಬುಡಿ," ಅಂದ ಕದಿರಪ್ಪ. ಗಾಡಿಗೆ ಸ್ಟ್ಯಾಂಡ್ ಹಾಕಿ, ಫೋನು ತೆಗೆದು ಹೆಂಡತಿಗೆ ಕೂಗಿದ. "ಏ ಯಲ್ಲಮ್ಮಾ, ಮುದ್ದೆಗೆ ಇಟ್ಟಿದ್ರೆ ಇಳಿಸ್ಬುಡು. ನಾಗಲಿಂಗಪ್ನೋರು ಓಟ್ಲಲ್ಲಿ ಊಟಕ್ಕೆ ಕರ್ದವ್ರೆ. ಆಟೋ ಇಡ್ಕೊಂಡು ಬಾ."

ಪ್ರತಿಭಾ ಟ್ಯಾಬ್ ಹಿಡಿದು ಬಂದಳು. ನಾಗಲಿಂಗಪ್ಪ ನೆಲ ನೋಡಿಕೊಂಡು "ನಾಕ ಮಂದಿ" ಅಂದ.

"ಸರ್, ಎರಡ್ರ ಟೇಬಲ್ ಕ್ಲೀನ್ ಆಗ್ತಿದೆ. ನಾಲ್ಕು ಅಂದ್ರೆ ಹೊಸ ಎಂಟ್ರಿ."

"ಎರಡ ಕುರ್ಚಿ ಎಳಕೊಂಡು ಅದರಾಗ ಕುಂದರ್ತೀವಲ್ಲವ್ವ?"

"ಆಗಲ್ಲ ಸರ್, ರೂಲ್ಸು."

ನಾಗಲಿಂಗಪ್ಪ ಹೆಬ್ಬಾಳದ ಒಂದು ವಿಮಾ ಕಚೇರಿಯಲ್ಲಿ ಕೂತು, ಬಂದವರಿಗೆಲ್ಲ ರೂಲ್ಸು ಎಂದು ಹೇಳಿ ಕಳಿಸುತ್ತ ತಲೆಕೂದಲು ಬೆಳ್ಳಗೆ ಮಾಡಿಕೊಂಡವನು. ಆ ಪದಕ್ಕೆ ಎದುರಾಡುವ ಶಕ್ತಿ ಅವನಿಗಿರಲಿಲ್ಲ. ಆದರೆ ಕದಿರಪ್ಪನಿಗಿತ್ತು.

"ಅಮ್ಮಣ್ಣಿ, ನೀನು ಯಾವೂರ್ದೋ ಏನೋ. ಈ ನಿಮ್ ಓಟ್ಲು ಐತಲ್ಲ, ಇದು ನಮ್ ರಾಗಿ ಒಲ. ಅಗೋ, ಆ ದುಡ್ ತಗೊಳ್ಳೋ ಕಡೆ ನಮ್ ಬಾವಿ ಇತ್ತು. ನಮ್ ಒಲದಾಗೆ ನಾವೇ ಕಾಯ್ಬೇಕಾ?"

"ಬಾವಿ ಇದ್ರೂ ಹೆಸ್ರು ಬರೆಸ್ಬೇಕು ಅಂಕಲ್," ಅಂದಳು ಪ್ರತಿಭಾ. ಅವಳು ಚಿಕ್ಕಬಾಣಾವರದಿಂದ ದಿನಾ ರೈಲಿನಲ್ಲಿ ನಿಂತು ಬರುವವಳು, ಬಾವಿಗೆಲ್ಲ ಹೆದರುವವಳಲ್ಲ.

ಹೆಸರು ಕೊನೆಗೆ ಹೋಯಿತು. ಯಲ್ಲಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಆಟೋದಲ್ಲಿ ಬಂದಿಳಿದಳು. ಪದ್ಮಶ್ರೀ ಅವಳನ್ನು ನಗುತ್ತಲೇ ಮಾತಾಡಿಸಿ, ಗಂಡನ ಕಡೆ ತಿರುಗಿ ನಗು ತೆಗೆದಿಟ್ಟು, "ಇನ್ನ ಮ್ಯಾಲೆ ಬಾಯಿ ತಗದ್ರ ನೋಡ್ರಿ" ಅಂದಳು. ನಾಗಲಿಂಗಪ್ಪ ಕರವಸ್ತ್ರ ತೆಗೆದು ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡ. ಯಾರಾದರೂ ಕೇಳಿದರೆ ಧೂಳು ಎಂದು ಹೇಳುವುದೆಂದು ತೀರ್ಮಾನವಾಯಿತು.

ಬಾಯಿ ಕಟ್ಟಿದರೂ ಕೈ ಖಾಲಿ ಇತ್ತಲ್ಲ. ಇವರ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿರುವ ಮನೋಹರ್, ಹೆಂಡತಿ ರಮಾ, ಎರಡು ಅವಳಿಜವಳಿ ಮಕ್ಕಳು ಇನ್ನೊಂದು ತುದಿಯಲ್ಲಿ ಕೂತಿದ್ದದ್ದು ನಾಗಲಿಂಗಪ್ಪನ ಕಣ್ಣಿಗೆ ಬಿತ್ತು. ಅವರು ತಮ್ಮ ಪಾಡಿಗೆ ತಾವು ಹೆಸರು ಬರೆಸಿ ಕಾಯುತ್ತಿದ್ದರು. ಕಣ್ಣಿಗೆ ಕಣ್ಣು ಕೂಡಿತು. ನಾಗಲಿಂಗಪ್ಪನ ಬಲಗೈ ಎದ್ದು, ಐದೂ ಬೆರಳು ಸೇರಿ ಬಾಯಿಯ ಹತ್ತಿರ ಹೋಗಿ, ಆಮೇಲೆ 'ಬರ್ರಿ' ಎಂಬಂತೆ ಗಾಳಿಯಲ್ಲಿ ಆಡಿತು. ಇದು ಬರೀ ಸೌಜನ್ಯ. ಊರ ಕಡೆ ಬಸ್ಸಿನ ಕಿಟಕಿಯಿಂದ ಕೂಡ ಹೀಗೆ ಕರೆಯುತ್ತಾರೆ, ಬಸ್ಸು ನಿಲ್ಲಿಸಿ ಯಾರೂ ಇಳಿಯುವುದಿಲ್ಲ.

ಮನೋಹರ್ ಮುಖ ಅರಳಿತು. ಅವನು ಎದ್ದು ಪ್ರತಿಭಾಳ ಹತ್ತಿರ ಹೋಗಿ ಏನೋ ಹೇಳಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಇತ್ತ ಬಂದ.

"ಥ್ಯಾಂಕ್ಸ್ ಅಂಕಲ್. ನೀವ್ ಕರೆದ್ಮೇಲೆ ಬೇರೆ ಕೂತ್ಕೊಳ್ಳೋದು ಚೆನ್ನಾಗಿರಲ್ಲ ಅಂತ ನಮ್ ಹೆಸ್ರು ಕ್ಯಾನ್ಸಲ್ ಮಾಡಿಸ್ದೆ."

"ನಿಮ್ದು ಎಷ್ಟನೇದಿತ್ತು?" ಎಂದು ಪದ್ಮಶ್ರೀ ಕೇಳಿದಳು.

"ನೆಕ್ಸ್ಟ್ ನಮ್ದೇ ಆಂಟಿ. ಪರವಾಗಿಲ್ಲ ಬಿಡಿ, ಎಲ್ಲಾ ಸೇರಿದ್ರೆ ಮಜಾ ಇರುತ್ತೆ."

ಪದ್ಮಶ್ರೀ ಕುರ್ಚಿಯ ಮೇಲೆ ಕುಸಿದು ಕೂತಳು. ತನ್ನ ಟೇಬಲ್ ಕಳೆದದ್ದಲ್ಲದೆ ಇನ್ನೊಬ್ಬರ ಟೇಬಲನ್ನೂ ಕಳೆದ ಗಂಡ ಇಡೀ ಬೆಂಗಳೂರಿನಲ್ಲಿ ತನಗೊಬ್ಬಳಿಗೇ ಸಿಕ್ಕಿರಬೇಕೆಂದು ಅವಳಿಗೆ ಅನ್ನಿಸಿತು. ಪ್ರತಿಭಾ ಈ ಸಲ ಹತ್ತಿರವೂ ಬರಲಿಲ್ಲ. ದೂರದಿಂದಲೇ "ಎಂಟಾ ಸರ್?" ಎಂದು ಕೇಳಿ, ನಾಗಲಿಂಗಪ್ಪ ಕರವಸ್ತ್ರದೊಳಗಿಂದ ತಲೆಯಾಡಿಸಿದ್ದನ್ನು ನೋಡಿ, ಹೆಸರನ್ನು ಮತ್ತೆ ಕೊನೆಗೆ ಹಾಕಿದಳು.

ಎಂಟು ಜನರಿಗೆ ಆಗುವ ಟೇಬಲ್ ಆ ಹೋಟೆಲಿನಲ್ಲಿ ಇದ್ದದ್ದು ಒಂದೇ. ಅಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬ ನಡೆದಿತ್ತು. ಕೇಕ್ ಕತ್ತರಿಸುವುದು, ಫೋಟೋ ತೆಗೆಯುವುದು, ಫೋಟೋ ಸರಿಬರಲಿಲ್ಲವೆಂದು ಕತ್ತರಿಸಿದ ಕೇಕನ್ನು ಜೋಡಿಸಿ ಮತ್ತೆ ಕತ್ತರಿಸುವುದು, ಎಲ್ಲವೂ ಗಾಜಿನ ಗೋಡೆಯಾಚೆ ಸವಿಸ್ತಾರವಾಗಿ ಕಾಣುತ್ತಿತ್ತು. ಹೊರಗೆ ಬಿಸಿಲು ಕುರ್ಚಿಗಳ ಮೇಲೆ ಬಂತು. ಅವಳಿ ಮಕ್ಕಳು ಸರದಿಯ ಪ್ರಕಾರ ಬಂದು "ಅಂಕಲ್, ಇನ್ನೆಷ್ಟೊತ್ತು?" ಎಂದು ಕೇಳತೊಡಗಿದವು. ಒಂದಕ್ಕೆ ಉತ್ತರ ಕೊಟ್ಟು ಉಸಿರು ಬಿಡುವಷ್ಟರಲ್ಲಿ ಅದೇ ಮುಖದ ಇನ್ನೊಂದು ಬರುತ್ತಿತ್ತು. ಯಲ್ಲಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ರಮಾಳಿಗೆ ಕೇಳಿಸುವಂತೆ, "ಊಟಕ್ಕೆ ಕರ್ದು ಕೂರ್ಸವ್ರೆ ಕಣಮ್ಮ, ಒಂದ್ ಲೋಟ ನೀರ್ ಕೊಡೋರಿಲ್ಲ" ಅಂದಳು. ನಾಗಲಿಂಗಪ್ಪ ಓಡಿಹೋಗಿ ನೀರಿನ ಬಾಟಲಿ, ಬಾಳೆಹಣ್ಣು, ಕಡಲೆಕಾಯಿ ತಂದು ಮದುವೆಮನೆಯ ಯಜಮಾನನ ಹಾಗೆ ಹಂಚಿದ. ಕದಿರಪ್ಪ ಕಡಲೆಕಾಯಿ ಸುಲಿಯುತ್ತ ಪಕ್ಕದವರಿಗೆಲ್ಲ ತಮ್ಮ ಬಾವಿಯ ಆಳ ಹೇಳುತ್ತಿದ್ದ.

ಅಂತೂ ಹುಟ್ಟುಹಬ್ಬದವರು ಟೋಪಿ ತೆಗೆದು ಏಳುವ ಲಕ್ಷಣ ಕಂಡಿತು. ಪ್ರತಿಭಾ ಬಾಗಿಲಿಂದ ಕೈ ಎತ್ತಿ, ಐದು ನಿಮಿಷ ಎಂದು ಸನ್ನೆ ಮಾಡಿದಳು. ಪದ್ಮಶ್ರೀಯ ಮುಖದಲ್ಲಿ ರಕ್ತ ಆಡಿತು. ಸರಿಯಾಗಿ ಆಗಲೇ ರಸ್ತೆಯಾಚೆ ಒಂದು ಕಾರು ನಿಂತು, ಅದರಿಂದ ಶಿವಪ್ರಕಾಶ ಇಳಿದ.

ಶಿವಪ್ರಕಾಶ ಸಂಜಯನಗರದಲ್ಲಿ ಇರುವ ಕಾಲೇಜು ಮೇಷ್ಟ್ರು, ಆದರೆ ಹುಟ್ಟಿದ್ದು ರೋಣದಲ್ಲಿ, ನಾಗಲಿಂಗಪ್ಪನ ಓಣಿಯ ಹಿಂದಿನ ಓಣಿಯಲ್ಲಿ. ಔಷಧಿ ಅಂಗಡಿಗೆಂದು ನಿಂತವನು ಇತ್ತ ನೋಡಿ, ಕರವಸ್ತ್ರ ಕಟ್ಟಿದ್ದರೂ ಗುರುತು ಹಿಡಿದು, ದೊಡ್ಡದಾಗಿ "ಏನ್ರೀ ನಾಗಲಿಂಗಪ್ಪನವರ!" ಎಂದು ಕೂಗಿದ.

"ಹೋಗಬ್ಯಾಡ್ರಿ," ಅಂದಳು ಪದ್ಮಶ್ರೀ.

"ಊರ ಮನುಷ್ಯಾನ್ನ ಕಂಡೂ ಕರೀದಿದ್ರ ಹೆಂಗ? ಸಂಜಿಯೊಳಗ ಇಡೀ ರೋಣಕ್ಕ ಗೊತ್ತಾಗತೈತಿ," ಅಂದ ನಾಗಲಿಂಗಪ್ಪ. ಆಮೇಲೆ ದನಿ ತಗ್ಗಿಸಿ, ಗೆದ್ದವನ ಹಾಗೆ ನಕ್ಕ. "ಅಂವ ನಮ್ಮ ಕಡೆಯಂವ. ಕರದ್ರ ಬರೂದಿಲ್ಲ. ನೀ ಏನೂ ಕಾಳಜಿ ಮಾಡಬ್ಯಾಡ."

ಅವನ ಲೆಕ್ಕ ತಪ್ಪಿರಲಿಲ್ಲ. ರಸ್ತೆ ದಾಟಿ ಹೋಗಿ, ಕರವಸ್ತ್ರ ಕೆಳಗಿಳಿಸಿ, "ಬರ್ರಿ, ಊಟ ಮಾಡೂಣು" ಎಂದದ್ದಕ್ಕೆ ಶಿವಪ್ರಕಾಶ ತಕ್ಷಣ "ಬ್ಯಾಡ್ರಿ, ಈಗ ಆತು" ಅಂದ. ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ನಾಗಲಿಂಗಪ್ಪನ ಕಣ್ಣು ತುಂಬಿ ಬಂದವು. ಈ ಊರಿನಲ್ಲಿ ತನ್ನ ಕರೆಯನ್ನು ಸರಿಯಾಗಿ ನಿರಾಕರಿಸಬಲ್ಲ ಒಬ್ಬ ಮನುಷ್ಯನಾದರೂ ಇದ್ದಾನಲ್ಲ. ಆ ಸಂತೋಷದಲ್ಲಿ ಅವನು ಶಿವಪ್ರಕಾಶನ ಕೈ ಹಿಡಿದುಕೊಂಡು, "ಛೇ, ಹಂಗಂದ್ರ ಹೆಂಗ್ರಿ" ಎಂದು ಎರಡನೆಯ ಸುತ್ತು ಶುರುಮಾಡಿದ. ಶಿವಪ್ರಕಾಶ ಹೊಟ್ಟೆ ಸವರಿಕೊಂಡ.

"ನಾಗಲಿಂಗಪ್ಪ, ಪಾರ್ಟಿ ಆಫ್ ಎಯ್ಟ್!" ಎಂದು ಪ್ರತಿಭಾ ರಸ್ತೆಯೀಚೆಯಿಂದ ಕೂಗಿದಳು.

ಏಳು ಜನ ಒಟ್ಟಿಗೆ ಎದ್ದರು. ಕದಿರಪ್ಪ "ಸಾಮೀ, ಕರೀತಾವ್ರೆ!" ಎಂದ. ಮನೋಹರ್ ಶಿಳ್ಳೆ ಹಾಕಿದ. ಪದ್ಮಶ್ರೀ ಏನು ಕೂಗಿದಳೋ ಲಾರಿಯ ಸದ್ದಿನಲ್ಲಿ ಕೇಳಲಿಲ್ಲ, ಅವಳ ಮುಖ ಮಾತ್ರ ಕಂಡಿತು. ಆದರೆ ಎರಡನೆಯ ಸುತ್ತಿನ ನಡುವೆ ಕೈ ಬಿಟ್ಟು ಓಡಿದರೆ, ಕರೆದದ್ದು ಸುಳ್ಳು ಎಂದು ಒಪ್ಪಿಕೊಂಡ ಹಾಗೆ. ನಾಗಲಿಂಗಪ್ಪ ಒಂದು ಕಣ್ಣು ಹೋಟೆಲಿನ ಮೇಲೆ ಇಟ್ಟು, ಮಾತಿನ ವೇಗ ಹೆಚ್ಚಿಸಿದ.

"ಮತ್ತ ಯಾವಾಗ ಸಿಗ್ತೀರಿ, ಬರ್ರಿ ಬರ್ರಿ," ಎಂದ ಗಡಿಬಿಡಿಯಲ್ಲಿ. ಆ ಗಡಿಬಿಡಿ ಶಿವಪ್ರಕಾಶನಿಗೆ ಅಕ್ಕರೆಯಾಗಿ ಕಂಡಿತು.

"ಇನ್ನೊಮ್ಮೆ ಬರ್ತೀನ್ರಿ, ಕಾರಿನ್ಯಾಗ ನಮ್ಮವ್ವ ಅದಾಳ."

"ಅವ್ವಾರೂ ಬರ್ಲಿ!" ಎಂಬ ಮಾತು ಹೊರಬಿತ್ತು. ಅದನ್ನು ಯಾರು ಹೇಳಿದರೆಂದು ನಾಗಲಿಂಗಪ್ಪ ತಾನೇ ಒಂದು ಕ್ಷಣ ಹುಡುಕಿದ.

ಕಾರಿನ ಗಾಜು ಇಳಿಯಿತು. ಶಿವಪ್ರಕಾಶನ ತಾಯಿ ಶರಣವ್ವ ಹೊರಗೆ ಇಣುಕಿ, ಕೆಂಪು ದೀಪ, ಸಾಲು ಕುರ್ಚಿ, ರೇಷ್ಮೆ ಸೀರೆಯ ಯಲ್ಲಮ್ಮ, ಎಲ್ಲವನ್ನೂ ನೋಡಿದಳು. "ಇಷ್ಟ ಕರ್ಯಾಕತ್ತಾರಲ್ಲೋ ತಮ್ಮ, ಹೋಗದಿದ್ರ ಅವರ ಮನಸಿಗೆ ಬ್ಯಾಸರ ಆಕ್ಕೈತಿ. ನಡಿ. ಯಾರ ಮದವಿ ಇದು?" ಎಂದು ಕೇಳಿ ಕಾಲು ಕೆಳಗಿಟ್ಟಳು.

ನಾಗಲಿಂಗಪ್ಪ ಇಬ್ಬರು ಹೊಸಬರೊಂದಿಗೆ ರಸ್ತೆ ದಾಟಿ ಬರುವಷ್ಟರಲ್ಲಿ ಎಂಟರ ಟೇಬಲಿನಲ್ಲಿ ಬೇರೊಂದು ಕುಟುಂಬ ಕೂತು ನೀರು ಕುಡಿಯುತ್ತಿತ್ತು. ಒಬ್ಬರು ಕಡಿಮೆ ಇದ್ದದ್ದರಿಂದ ಟೇಬಲ್ ಹೋಯಿತು, ಇಬ್ಬರು ಹೆಚ್ಚಾದದ್ದರಿಂದ ಹೆಸರು ಕೊನೆಗೆ ಹೋಯಿತು. ಒಂದೇ ಏಟಿಗೆ ಎರಡೂ ರೂಲ್ಸು ಮುರಿದ ಗಿರಾಕಿಯನ್ನು ಪ್ರತಿಭಾ ಇದೇ ಮೊದಲು ನೋಡುತ್ತಿದ್ದಳು. "ಹತ್ತು," ಎಂದು ತಾನೇ ಹೇಳಿ ಬರೆದುಕೊಂಡಳು.

ಆಮೇಲೆ ನಡೆದದ್ದು ಮಹಾಸಭೆ. ಯಲ್ಲಮ್ಮ ಮನೆಯಲ್ಲಿ ಇಳಿಸಿಬಂದ ಮುದ್ದೆಯ ಎಸರನ್ನು ನೆನೆದು ನಿಟ್ಟುಸಿರು ಬಿಟ್ಟಳು. ಮನೋಹರ್, ತನ್ನದೇ ಟೇಬಲಾಗಿದ್ದರೆ ಈ ಹೊತ್ತಿಗೆ ಮನೆಗೆ ಹೋಗಿ ಮಲಗಿರುತ್ತಿದ್ದೆ ಎಂದು ರಮಾಳಿಗೆ ಹೇಳಿದ. ರಮಾ, ತಾನು ಆಗಲೇ ಬೇಡ ಅಂದಿದ್ದೆ ಎಂದಳು. ಶಿವಪ್ರಕಾಶ ನಿಜವಾಗಿಯೂ ಉಂಡು ಬಂದವನಾದ್ದರಿಂದ ಯಾರ ಮುಖವನ್ನೂ ನೋಡದೆ ಹೋಟೆಲಿನ ಬೋರ್ಡು ಓದುತ್ತಿದ್ದ. ಶರಣವ್ವ ಪ್ರತಿಯೊಬ್ಬರ ಬಳಿಯೂ ಮದುಮಗಳು ಯಾರೆಂದು ವಿಚಾರಿಸುತ್ತಿದ್ದಳು. ಎಲ್ಲರ ಮಾತೂ ಸುತ್ತಿ ಬಳಸಿ ಬಂದು ನಾಗಲಿಂಗಪ್ಪನ ತಲೆಯ ಮೇಲೆ ಕೂರುತ್ತಿತ್ತು. ಅವನು ಕಡಲೆಕಾಯಿ ಸಿಪ್ಪೆ ಆರಿಸುವ ನೆಪದಲ್ಲಿ ನೆಲ ನೋಡುತ್ತಿದ್ದ.

ಪದ್ಮಶ್ರೀ ಎದ್ದಳು. ಜಗಳ ಮಾಡಲಿಲ್ಲ, ಅಳಲಿಲ್ಲ. ನೇರವಾಗಿ ಬಾಗಿಲಿಗೆ ಹೋಗಿ ಪ್ರತಿಭಾಳ ಎದುರು ನಿಂತಳು.

"ಒಬ್ಬಾಕಿಗೆ ಜಾಗ ಐತೇನವಾ?"

"ಸಿಂಗಲ್ ಆದ್ರೆ ಕಿಟಕಿ ಹತ್ರ ಸ್ಟೂಲ್ ಇದೆ ಮೇಡಂ. ಈಗ್ಲೇ ಹೋಗ್ಬೋದು. ಅದಕ್ಕೆ ವೇಟಿಂಗೇ ಇಲ್ಲ."

"ವೇಟಿಂಗ್ ಇಲ್ಲ?"

"ಇಲ್ಲ ಮೇಡಂ. ಒಬ್ಬೊಬ್ರೇ ಯಾರೂ ಬರಲ್ವಲ್ಲ."

ಪದ್ಮಶ್ರೀ ಮೂರು ಭಾನುವಾರಗಳನ್ನು ನೆನೆದು ಕಣ್ಣು ಮುಚ್ಚಿ ತೆರೆದಳು. ನಾಗಲಿಂಗಪ್ಪ ಓಡಿಬಂದು, "ಪದ್ಮಾ, ಅಲ್ಲಾ, ನಮ್ಮ ಪಾರ್ಟಿ..." ಅಂದ.

"ಅದು ನಿಮ್ಮ ಪಾರ್ಟಿ. ನನ್ನ ಪಾರ್ಟಿ ಒಬ್ಬಾಕಿ," ಎಂದು ಹೇಳಿ ಅವಳು ಒಳಗೆ ಹೋದಳು.

ಆ ಸ್ಟೂಲುಗಳು ಗಾಜಿನ ಗೋಡೆಗೆ ಅಂಟಿಕೊಂಡು, ಮುಖ ಬೀದಿಯ ಕಡೆಗೆ. ಆದ್ದರಿಂದ ಪದ್ಮಶ್ರೀ ಕೂತದ್ದು ಹೊರಗಿನ ಒಂಬತ್ತು ಜನರ ಎದುರಿಗೇ, ನಡುವೆ ಗಾಜು ಮಾತ್ರ. ಒಂಬತ್ತು ಜನರೂ ಮಾತು ನಿಲ್ಲಿಸಿ ಅವಳನ್ನೇ ನೋಡಿದರು. ಬಿದಿರಿನ ಬುಟ್ಟಿ ಬಂತು. ಮುಚ್ಚಳ ತೆಗೆದಾಗ ಗಾಜಿಗೆ ಹಬೆ ಕಟ್ಟಿತು, ಅವಳು ಅಂಗೈಯಿಂದ ಒರೆಸಿಕೊಂಡಳು. ಒಂದು ಕಡುಬನ್ನು ನೆರಿಗೆ ಹಿಡಿದು ಎತ್ತಿ ಚಮಚದಲ್ಲಿಟ್ಟು, ಮೆಲ್ಲಗೆ ಒಂದು ತೂತು ಮಾಡಿ, ಹರಿದು ಬಂದ ಸಾರನ್ನು ಬಾಯಿಗಿಟ್ಟಳು. ಇನ್ನೊಂದನ್ನು ತಿನ್ನಲಿಲ್ಲ. ಉಗುರಿನಿಂದ ನೆರಿಗೆ ಬಿಡಿಸಿ, ಒಳಗೆಲ್ಲ ಬಗ್ಗಿ ನೋಡಿ, ಹಿಟ್ಟನ್ನು ಬೆರಳಲ್ಲಿ ಎಳೆದು ಪರೀಕ್ಷೆ ಮಾಡಿದಳು. ನೀರು ಕೊಡಲು ಬಂದವನನ್ನು ಹಿಡಿದು ಏನೋ ಕೇಳಿದಳು. ಅವನು ಕೈಯಾಡಿಸುತ್ತ ಏನೋ ಹೇಳಿದ. ಸಾರನ್ನು ಮೊದಲು ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಕತ್ತರಿಸಿ ತುಂಬುತ್ತಾರೆ, ಬೆಂದಾಗ ಅದು ಕರಗುತ್ತದೆ ಎಂಬ ಸಂಗತಿ ಅಲ್ಲಿ ಹೊರಬಿದ್ದಿರಬೇಕು. ಪದ್ಮಶ್ರೀ ಹಣೆ ಬಡಿದುಕೊಂಡು ನಕ್ಕಳು.

ಆ ನಗು ನೋಡಿ ನಾಗಲಿಂಗಪ್ಪನಿಗೆ ಹೊಟ್ಟೆಯಲ್ಲಿ ತಂಪಾಯಿತು. ಸದ್ಯ, ಕಡುಬು ಅವಳ ಬಾಯಿಗೆ ಬಿತ್ತು. ಪಂಚಮಿ ಉಳಿಯಿತು, ಗಣಪತಿಯೂ ಉಳಿದ. ಅದೇ ಹೊಟ್ಟೆ ಮರುಕ್ಷಣವೇ ಹಸಿವಿನಿಂದ ಗುರ್ರೆಂದಿತು.

ಪದ್ಮಶ್ರೀಯ ಪಕ್ಕದ ಸ್ಟೂಲಿನವನು ಎದ್ದು ಹೋದ. ಅವಳು ಖಾಲಿ ಸ್ಟೂಲು ನೋಡಿದಳು. ಗಾಜಿನಾಚೆ ಒಣಗಿದ ಬಾಯಲ್ಲಿ ನಿಂತ ಗಂಡನನ್ನು ನೋಡಿದಳು. ಎಷ್ಟಾದರೂ ಗಂಡ ತಾನೆ. ಸ್ಟೂಲಿನ ಮೇಲೆ ಕೈ ಬಡಿದು, ಬಾ ಎಂದು ಕರೆದಳು.

ನಾಗಲಿಂಗಪ್ಪನ ಕೈ ಎದೆಯ ಮೇಲೆ ಹೋಯಿತು. ತಲೆ ಅಡ್ಡ ಆಡಿತು. ಮುಖದಲ್ಲಿ ಸಂಕೋಚದ ನಗೆ ಬಂತು. 'ಬ್ಯಾಡ, ನೀ ಮಾಡು' ಎಂದು ತುಟಿ ಹೇಳಿತು. ಅವನಿಗೆ ಇದೊಂದೂ ಬೇಕಿರಲಿಲ್ಲ, ಕಾಲುಗಳು ಆಗಲೇ ಬಾಗಿಲ ಕಡೆ ತಿರುಗಿದ್ದವು. ಇನ್ನೊಂದು ಸಲ ಕರೆಯಲಿ, ಹೋಗೇಬಿಡುತ್ತೇನೆ ಎಂದು ಅವನು ಕಾದ. ಪದ್ಮಶ್ರೀ ಅವನನ್ನೇ ನೋಡಿದಳು. ಸರಿ ಎಂಬಂತೆ ತಲೆಯಾಡಿಸಿ, ಬುಟ್ಟಿಯ ಕಡೆಗೆ ತಿರುಗಿದಳು.

"ಅಮ್ಮಾವ್ರು ಕರೀತಾವ್ರೆ ಅಲ್ವಾ? ನೀವು ಒಲ್ಲೆ ಅಂತೀರಾ," ಅಂದ ಪಕ್ಕದಲ್ಲಿದ್ದ ಕದಿರಪ್ಪ. "ಕರ್ದಾಗ ಯಾರೂ ಓಗ್ದಿದ್ರೆ ಎಂಗೆ ಸಾಮಿ, ಬೇಜಾರ್ ಮಾಡ್ಕೊತಾರೆ. ನಾನ್ ಓಗಿ ಬತ್ತೀನಿ ಬುಡಿ."

ಹೇಳಿ ಮುಗಿಸುವಷ್ಟರಲ್ಲಿ ಅವನು ಪ್ರತಿಭಾಳಿಗೆ "ಒಬ್ನೇ" ಎಂದು ಬೆರಳು ತೋರಿಸಿ ಒಳಗೆ ಹೋಗಿಯಾಗಿತ್ತು. ತನ್ನ ರಾಗಿ ಹೊಲದ ಮೇಲೆ ಸ್ಟೂಲು ಎಳೆದು ಕೂತು, ಹೊರಗಿದ್ದ ಯಲ್ಲಮ್ಮನಿಗೆ ಕೈಬೀಸಿದ.

ಪ್ರತಿಭಾ ಟ್ಯಾಬ್ ಹಿಡಿದು ಬಂದಳು. "ಸರ್, ನಿಮ್ ಪಾರ್ಟೀಲಿ ಇಬ್ರು ಒಳಗೆ ಕೂತ್ಬಿಟ್ರು. ಜನ ಚೇಂಜ್ ಆಯ್ತಲ್ಲ, ಹೊಸ ಎಂಟ್ರಿ ಮಾಡ್ಬೇಕು. ಈಗ ಎಷ್ಟ್ ಜನ?"

"ಯಾರೂ ಇಲ್ಲವ್ವ," ಅಂದ ನಾಗಲಿಂಗಪ್ಪ. ಅವನ ದನಿಯಲ್ಲಿ ಎಂದೂ ಇಲ್ಲದ ಗಟ್ಟಿತನವಿತ್ತು. "ತಿನ್ನಬೇಕಾದಾಕಿ ತಿಂದಾಳ. ನಮ್ಮ ಹೆಸರ ತಗದಬಿಡು."

"ತೆಗೀತಾರಂತೆ!" ಎಂದು ಯಲ್ಲಮ್ಮ ಕುರ್ಚಿಯಿಂದ ಎದ್ದಳು. "ಒಲೆ ಆರಿಸ್ಬುಟ್ಟು ಬಂದಿವ್ನಿ ಸಾಮಿ ನಾನು!"

"ಅಂಕಲ್, ನಮ್ದು ಕ್ಯಾನ್ಸಲ್ ಮಾಡಿಸಿದ್ದೇ ನೀವು ಕರೆದ್ರಿ ಅಂತ," ಅಂದ ಮನೋಹರ್.

ಅವಳಿ ಮಕ್ಕಳು ಮೊದಲ ಬಾರಿಗೆ ಒಟ್ಟಿಗೆ ಅತ್ತವು. ಶರಣವ್ವ ಮಗನ ತೋಳು ಹಿಡಿದು, "ಮದವಿ ಮುರೀತೇನೋ?" ಎಂದು ಕೇಳಿದಳು.

"ಎಂಟ ಅಂತ ಬರಕೋವ್ವ," ಅಂದ ನಾಗಲಿಂಗಪ್ಪ.

"ಕೊನೇಗೆ ಹಾಕಿದೀನಿ ಸರ್. ಕೂತ್ಕೊಳ್ಳಿ."

ಅವನು ಕೂತ. ಗಾಜಿನಾಚೆ ಇನ್ನೊಂದು ಬುಟ್ಟಿ ಬಂದಿತ್ತು. ಪದ್ಮಶ್ರೀ ಕದಿರಪ್ಪನಿಗೆ ನೆರಿಗೆ ಎಲ್ಲಿ ಹಿಡಿಯಬೇಕೆಂದು ತೋರಿಸುತ್ತಿದ್ದಳು. ಅವಳು ಇನ್ನೊಂದು ಸಲ ಕರೆದರೆ ತಕ್ಷಣ ಏಳುವುದಕ್ಕೆ ಆಗಲೆಂದು ನಾಗಲಿಂಗಪ್ಪ ಕುರ್ಚಿಯ ತುದಿಯಲ್ಲೇ ಕೂತಿದ್ದ.